ಖಾಲಿ ಚಿತ್ರಗಳು

ಪೋಮಪ್ಪ ಲಮಾಣಿ ಗುಡ್ಡ ಇಳಿದು ಬಂದು
ಅಂಗಿಯ ಒಳಜೇಬಿನಿಂದ
ಅಡಿಕೆಪುಡಿಯ ಚೀಟಿಯಲ್ಲಿ ಸುತ್ತಿದ ಕಾರ್ಡೊಂದನ್ನು
ನನ್ನ ಮೇಜಿನ ಮೇಲಿಟ್ಟ.
ಉಗುರಿನಷ್ಟು ಕಾರ್ಡು. ಅದರೊಳಗೆ
ಕಪ್ಪತಗುಡ್ಡದ ಇಪ್ಪತ್ತೆರಡು ರಾತ್ರಿ.

‘ನೋಡ್ರಿ ಮೇಡಂ, ಏನರ ಸಿಕ್ಕೈತೇನು’ ಅಂದ.
ಬೂಟಿನ ತುಂಬ ಹುಲ್ಲಿನ ಮುಳ್ಳು.

ನಾನು ಮುಂಡರಗಿ ಕಚೇರಿಯ ಗುತ್ತಿಗೆಯವಳು.
ಗುಡ್ಡ ಹತ್ತಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ,
ಕಾಲಿಗೆ ಜಾಲಿಮುಳ್ಳು ಚುಚ್ಚಿ ಅರ್ಧಕ್ಕೇ ಇಳಿದವಳು.
ಆದರೂ ಅಲ್ಲಿನ ಮೃಗಗಳಿಗೆಲ್ಲ
ತಾರೀಖು ಹಾಕುವವಳು ನಾನೇ.

ಮೂರು ಸಾವಿರದ ನೂರಾ ಹದಿನಾಲ್ಕು ಚಿತ್ರ.
ಹುಲ್ಲು.
ಹುಲ್ಲು.
ಬಾದಿ ಹುಲ್ಲು ಎಡಕ್ಕೆ ಬಾಗಿದ್ದು,
ಬಾದಿ ಹುಲ್ಲು ಬಲಕ್ಕೆ.
ಗಾಳಿ ಬೀಸಿದರೂ ಯಾರೋ ಬಂದಂತೆ
ಕಣ್ಣು ತೆರೆಯುತ್ತದೆ ಕ್ಯಾಮೆರಾ,
ಗಂಡ ರಾತ್ರಿಪಾಳಿಗೆ ಹೋದವಳ ಹಾಗೆ
ಪ್ರತಿ ಸಪ್ಪಳಕ್ಕೂ.

ನಮೂನೆಯಲ್ಲಿ ಮೂರೇ ಮನೆ:
ಪ್ರಾಣಿ. ಮನುಷ್ಯ. ಖಾಲಿ.
ಖಾಲಿ ಎಂದರೆ ಕಾರಣ ಬರೆಯಬೇಕು.
ಗಾಳಿ, ಎಂದು ಬರೆಯುತ್ತೇನೆ. ಗಾಳಿ. ಗಾಳಿ.
ಗುಡ್ಡದಂಚಿನ ರೆಕ್ಕೆಕಂಬಗಳು
ಯೂನಿಟ್ಟಿಗಿಷ್ಟು ಎಂದು ಮಾರುವ ಅದೇ ಗಾಳಿಯನ್ನು
ನಾನು ಪುಕ್ಕಟೆ ಎಣಿಸುತ್ತೇನೆ.

ಏಳನೆಯ ರಾತ್ರಿ ಮುಳ್ಳುಹಂದಿ,
ಆಹೇರಿ ಮರೆತು ಮನೆಗೆ ತಿರುಗಿದ ಅತ್ತೆಯಂತೆ
ಸರಸರ, ಬೆನ್ನು ಮಾತ್ರ.
ಒಂಬತ್ತರ ನಸುಕಿಗೆ ಕೊಂಡಕುರಿ.
ನಾಲ್ಕು ಕೊಂಬು; ಎಣಿಸಿದೆ, ಮತ್ತೊಮ್ಮೆ ಎಣಿಸಿದೆ;
ಮುಂದಿನವೆರಡು ಇನ್ನೂ ಮೊಳಕೆ.
ಆಮೇಲೊಂದು ತೋಳದ ಬಾಲ.
ಉಳಿದ ತೋಳ ಚೌಕಟ್ಟು ದಾಟಿ ಹೋಗಿತ್ತು.
ಬಾಲಕ್ಕೆ ಬೇರೆ ಮನೆಯಿಲ್ಲ ನಮೂನೆಯಲ್ಲಿ,
ಇಡೀ ತೋಳ ಎಂದೇ ಬರೆದೆ.
ನಡುವೆ ಒಂದು ಹಗಲು ಪೋಮಪ್ಪನೇ,
ಅಂಗೈಯಿಂದ ಗಾಜು ಒರೆಸುತ್ತ.
ಮೂಗು ಗಡಿಗೆಯಷ್ಟು.

ಹದಿನೆಂಟನೆಯ ರಾತ್ರಿ. ಕೆಳಪಟ್ಟಿಯಲ್ಲಿ
ಸವೆದ ಚಂದ್ರ, ಹದಿನೇಳು ಡಿಗ್ರಿ,
ಐದು ಗಂಟೆ ಎಂಟು ನಿಮಿಷ.
ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಾಳೆ
ಒಬ್ಬ ಮುದುಕಿ.
ಪಕ್ಕದಲ್ಲಿ ಕುರ್ಚಿಗಿ, ಬೇರಿನ ಗಂಟು.
ಕೆಂಪು ದೀಪ ಮಿನುಗಿದ್ದು ಕಂಡಿರಬೇಕು,
ಸೆರಗು ತಲೆಗೆಳೆದು ನೆಟ್ಟಗಾಗಿದ್ದಾಳೆ,
ರೇಶನ್ ಕಾರ್ಡಿನ ಫೋಟೋಕ್ಕೆ ಕೂತಂತೆ.

ಡೋಣಿಯ ಗಾಳೆವ್ವ.

ನನ್ನ ಮಗ ಹುಟ್ಟಿದ ವಾರ ಮೈ ಕಾದು
ಮಾತು ತಡವರಿಸುತ್ತಿದ್ದಾಗ
ಬಟ್ಟಲು ಬಾಯಿಗಿಟ್ಟು ‘ಕಹಿ ಐತಿ, ಕುಡಿ’ ಎಂದವಳು.
ಮಾರ್ಚಿನಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ
ಜೀಪು ಹೊರಡುವ ಮೊದಲೇ
ಹಸಿಟೊಂಗೆ ಹಿಡಿದು ಓಡುವವಳು.
ಅನುಮತಿಯಿಲ್ಲದೆ ಒಳಗೆ ಬಂದವರ
ಹೆಸರು, ಊರು, ಚಿತ್ರ
ಸಂಜೆಯೊಳಗೆ ಮೇಲೆ ಕಳಿಸಬೇಕೆಂದು ನಿಯಮ.

ಮುಂದಿನ ಚಿತ್ರ ಒತ್ತಿದೆ.
ಐದು ಹತ್ತೊಂಬತ್ತು. ಅದೇ ಕಲ್ಲು.
ಕತ್ತೆಕಿರುಬ.
ಮೈತುಂಬ ಪಟ್ಟೆ, ಇಳಿಜಾರು ಬೆನ್ನು,
ಕಣ್ಣೆರಡು ಬಿಳಿಯ ಕಾಸು.
ಈ ವರ್ಷ ಮೊದಲನೆಯದು.
ಗಂಟು ಇಟ್ಟಿದ್ದ ಜಾಗಕ್ಕೆ ಮೂತಿ ಇಟ್ಟು ನಿಂತಿದೆ,
ಸೊಗದೆ ಬೇರಿನ ವಾಸನೆಯೋ,
ಅವಳ ಹೊಗೆಸೊಪ್ಪಿನದೋ.
ಬೆನ್ನಿನ ಕೂದಲು ನಿಮಿರಿಲ್ಲ.

ಹನ್ನೊಂದು ನಿಮಿಷ.
ಮುದುಕಿ ಏಳಲಿ ಎಂದು
ಅಷ್ಟು ಹೊತ್ತು ಅದೆಲ್ಲಿ ಕಾದಿತ್ತು?
ಅಥವಾ ದಿನವೂ ಇದೇ ಇಬ್ಬರ ವೇಳೆಯೋ,
ಒಬ್ಬರು ಇಳಿದ ಸೀಟಿನಲ್ಲಿ ಇನ್ನೊಬ್ಬರು ಕೂರುವ
ಮೊದಲ ಬಸ್ಸಿನ ಹಾಗೆ?

ಐದು ಹತ್ತೊಂಬತ್ತಕ್ಕೆ: ಪ್ರಾಣಿ.
ಐದು ಎಂಟಕ್ಕೆ ಮರಳಿದೆ.
ಮನೆಯೊಳಗೆ ಗೆರೆಯೊಂದು ಮಿಣಮಿಣ ಕಾಯುತ್ತಿತ್ತು.
ಖಾಲಿ, ಎಂದು ಒತ್ತಿದೆ. ಕಾರಣ ಕೇಳಿತು.
ಗಾಳಿ, ಎಂದು ಬರೆದೆ.
ಸುಳ್ಳೇನಲ್ಲ.
ಮುಂದೆ ಅವ್ವ ಎಂದು ಸೇರಿಸಲಿಲ್ಲ, ಅಷ್ಟೇ.

‘ಏನರ ಸಿಕ್ತೇನ್ರಿ?’ ಬಾಗಿಲಲ್ಲಿ ಪೋಮಪ್ಪ.
‘ಕಿರುಬ ಬಂದಿತ್ತು’ ಅಂದೆ.
‘ಒಂದ ಏನ್ರಿ?’
‘ಒಂದ.’
ನನ್ನ ಮುಖ ನೋಡಿದ ಒಂದು ಗಳಿಗೆ.
ಆಮೇಲೆ ಹೊಸ್ತಿಲಲ್ಲಿ ಕೂತು
ಬೂಟಿನ ಮುಳ್ಳು ಒಂದೊಂದೇ ಕಿತ್ತು
ಅಂಗೈಯಲ್ಲಿ ಕೂಡಿಹಾಕತೊಡಗಿದ.